ವಿ-ಎ-ಆರ್ ಅಂತ ಬಿಡಿಸಿ ಹೇಳಿ, ಆದರೆ ‘ವಾರ್’ ತಪ್ಪಲ್ಲ

ಫುಟ್‌ಬಾಲ್‌ನ ವಿಎಆರ್ (ವಿಡಿಯೋ ಅಸಿಸ್ಟೆಂಟ್ ರೆಫರಿ, ಅಂದರೆ ವಿಡಿಯೋ ನೋಡಿ ಮೈದಾನದ ರೆಫರಿಗೆ ನೆರವಾಗುವವರು) ಅನ್ನು ‘ವಾರ್’ ಅನ್ನಬೇಕಾ, ಅಕ್ಷರ ಬಿಡಿಸಿ ಹೇಳಬೇಕಾ ಅಂತ ಕೇಳಿದ್ದೀರಿ. ರೆಫರಿಯ ಮಾತಿಗೆ ಇನ್ನು ಬೆಲೆ ಇದೆಯಾ ಅಂತಾನೂ ಕೇಳಿದ್ದೀರಿ.

ಹೆಸರು ಎರಡು ಥರವೂ ನಡೆಯುತ್ತದೆ. ಇಂಗ್ಲಿಷ್ ಕಾಮೆಂಟರಿಯಲ್ಲಿ ಸಾಮಾನ್ಯವಾಗಿ ವಿ-ಎ-ಆರ್ ಅಂತಾರೆ. ಸ್ಪ್ಯಾನಿಷ್‌ನವರು ಒಂದೇ ಪದವಾಗಿ ಹೇಳುತ್ತಾರೆ, ಅವರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಬಾರ್’ ಅಂತ ಕೇಳಿಸುತ್ತದೆ. ನಾನು ಬಿಡಿಸಿಯೇ ಹೇಳುತ್ತೇನೆ, ಯಾಕಂದ್ರೆ ಕನ್ನಡದಲ್ಲಿ ‘ವಾರ್’ ಅಂದ ತಕ್ಷಣ ಯುದ್ಧವೋ ಏನೋ ಅನ್ನಿಸಿಬಿಡುತ್ತದೆ.

ಇನ್ನೊಂದು ವಿಷಯ, ಇದು ಮುಖ್ಯ. ಆ ಹೆಸರಲ್ಲಿರುವ ‘ಎ’ ಅಂದರೆ ಅಸಿಸ್ಟೆಂಟ್. ಅದು ಮೆಷಿನ್ ಅಲ್ಲ, ಸ್ಕ್ರೀನ್ ಮುಂದೆ ಕೂತಿರುವ ಒಬ್ಬ ರೆಫರಿ. ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ತಪ್ಪು ಆಟಗಾರನಿಗೆ ಕಾರ್ಡ್ ಕೊಟ್ಟಿದ್ದು, ಮುಖ್ಯವಾಗಿ ಇಂಥದ್ದಕ್ಕೇ ಅವರು ಬಾಯಿ ಹಾಕೋದು. ಕೊನೆಯ ತೀರ್ಮಾನ ಮೈದಾನದಲ್ಲಿರುವ ರೆಫರಿಯದ್ದೇ.

2018ರ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ಫ್ರಾನ್ಸ್–ಕ್ರೊಯೇಷಿಯಾ ಆಗ 1-1ರ ಸಮ. ಕ್ರೊಯೇಷಿಯಾದ ಪೆರಿಸಿಚ್ ಕೈಗೆ ಚೆಂಡು ತಾಗಿತ್ತು. ವಿಎಆರ್ ಸೂಚಿಸಿದ ಮೇಲೆ ರೆಫರಿ ಪಿಟಾನಾ ಮಾನಿಟರ್ ನೋಡಿದರು, ಹೊರಟರು, ಸಮಾಧಾನ ಆಗದೆ ಮತ್ತೆ ವಾಪಸ್ ಬಂದು ನೋಡಿದರು, ಆಮೇಲೆ ಪೆನಾಲ್ಟಿ ಕೊಟ್ಟರು. ಫ್ರಾನ್ಸ್‌ನ ಗ್ರೀಜ್ಮನ್ ಗೋಲು ಹೊಡೆದರು. ಎಷ್ಟು ಸಲ ಸ್ಲೋ ಮೋಷನ್‌ನಲ್ಲಿ ನೋಡಿದರೂ ‘ಬೇಕಂತಲೇ ಮಾಡಿದ್ದಾ?’ ಅನ್ನೋದಕ್ಕೆ ವಿಡಿಯೋ ಉತ್ತರ ಕೊಡಲ್ಲ, ಅಲ್ವಾ? ಅದನ್ನು ಹೇಳಬೇಕಾದವರು ಪಿಟಾನಾ ಒಬ್ಬರೇ.

ನನಗೆ ನಿಜವಾಗಿ ನೋವಾಗೋದು ಕಾಯೋದರಲ್ಲಿ. ಗೋಲಾದಾಗ ಕುಣಿಯೋದಾ ಬೇಡ್ವಾ ಅಂತ ಗೊತ್ತಾಗದೆ ಸುಮ್ನೆ ನಿಲ್ಲಬೇಕು. ಆದರೂ ಒಂದು ತಪ್ಪು ಆಫ್‌ಸೈಡ್‌ನಿಂದ ಕಪ್ ಕಳೆದುಕೊಳ್ಳೋದಕ್ಕಿಂತ ಎರಡು ನಿಮಿಷ ಕಾಯೋಕೆ ನಾನು ರೆಡಿ.