ಗುಡ್ಡ ಏರುವ ಪೈಪಿಗೆ ವೈರ್‌ಲೆಸ್ ಪ್ರೆಶರ್ ಸೆನ್ಸರ್ ಕೂರಿಸುವ ಬಗ್ಗೆ

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ಕೆಳಗೆ ತೋಡಿನ ಬದಿಯಲ್ಲಿ ಪಂಪ್ ಶೆಡ್, ಮೇಲೆ ಗುಡ್ಡೆಯಲ್ಲಿ ಟ್ಯಾಂಕ್, ನಡುವೆ 60 ಮೀಟರ್ ಏರು. ಪೈಪ್ ಒಡೆದರೆ, ಪಂಪ್ ನೀರು ಎತ್ತದಿದ್ದರೆ ಮನೆಯಲ್ಲೇ ಗೊತ್ತಾಗಬೇಕು ಅಂತ ಫ್ಯಾಕ್ಟರಿಗೆ ಹಾಕುವ ವೈರ್‌ಲೆಸ್ ಪ್ರೆಶರ್ ಸೆನ್ಸರ್ ತರಿಸಿದ್ದೀರಿ. ನಾವೇ ಫಿಟ್ ಮಾಡಬಹುದಾ, ಗೊತ್ತಿರುವವರನ್ನು ಕರೆಸಬೇಕಾ ಅಂತ ಕೇಳಿದ್ದೀರಿ.

ನಾನು ಮಂಗಳೂರಿನ ಬೈಕಂಪಾಡಿಯ ಒಂದು ಘಟಕದಲ್ಲಿ 14 ವರ್ಷದಿಂದ ಇನ್‌ಸ್ಟ್ರುಮೆಂಟ್ ಕೆಲಸದಲ್ಲಿದ್ದೇನೆ. ಮೂಡುಬಿದಿರೆ ಹತ್ತಿರ ನಮ್ಮದೂ ಅಡಿಕೆ ತೋಟ ಇದೆ. ನನ್ನ ಉತ್ತರ ಇಷ್ಟು: ಆ್ಯಪ್, ಗೇಟ್‌ವೇ (ಸೆನ್ಸರಿನ ಸಿಗ್ನಲ್ ಹಿಡಿದು ಇಂಟರ್ನೆಟ್ಟಿಗೆ ಕಳುಹಿಸುವ ಪೆಟ್ಟಿಗೆ) ಎಲ್ಲ ನೀವೇ ಮಾಡಿಕೊಳ್ಳಿ, ಮನೆಯ ಮಕ್ಕಳೇ ಒಂದು ಸಂಜೆಯಲ್ಲಿ ಮಾಡಿಕೊಡುತ್ತಾರೆ. ಪೈಪಿಗೆ ತೂತು ಹಾಕಿ ಸೆನ್ಸರ್ ಕೂರಿಸುವ ಕೆಲಸಕ್ಕೆ ಮಾತ್ರ ಕೈ ಪಳಗಿದವರನ್ನು ಕರೆಸಿ. ಹೆಚ್ಚಿನವರು ಇದನ್ನು ತಿರುಗಾ ಮುರುಗಾ ಮಾಡುತ್ತಾರೆ. ಆ್ಯಪ್ ಸೆಟ್ ಮಾಡಲು ದುಡ್ಡು ಕೊಡುತ್ತಾರೆ, ಸೆನ್ಸರನ್ನು ಪ್ಲಂಬರ್ ಹತ್ತಿರ ಸುಮ್ನೆ ತಿರುಗಿಸಿ ಹಾಕಿಸುತ್ತಾರೆ.

ಮೊದಲು ರೇಂಜ್ ನೋಡಿ, ಅಂದ್ರೆ ಸೆನ್ಸರ್ ಎಷ್ಟು ಪ್ರೆಶರ್‌ವರೆಗೆ ಅಳೆಯುತ್ತದೆ ಅಂತ. 10 ಮೀಟರ್ ಎತ್ತರಕ್ಕೆ 1 ಕೆಜಿ (ಚದರ ಸೆಂಟಿಮೀಟರಿಗೆ) ಪ್ರೆಶರ್. ನಿಮ್ಮ 60 ಮೀಟರಿಗೆ ನೀರು ನಿಂತಿರುವಾಗಲೇ 6 ಕೆಜಿ. ಪಂಪ್ ಓಡುವಾಗ ಪೈಪಿನ ಉಜ್ಜಾಟ ಸೇರಿ 7ರ ಹತ್ತಿರ ಬರಬಹುದು. ಹಾಗಾದ್ರೆ 10 ಕೆಜಿಯ ಸೆನ್ಸರ್ ಸಾಕಲ್ವಾ ಅಂತ ಅನಿಸುತ್ತದೆ. ನಾನೂ ಹಾಗೇ ಎಣಿಸಿ ನಮ್ಮ ತೋಟಕ್ಕೆ ಅದನ್ನೇ ಹಾಕಿದ್ದೆ. ಪಂಪ್ ಓಡುತ್ತಿರುವಾಗ ಕರೆಂಟ್ ಹೋದರೆ ಮೇಲಿನ ನೀರು ಒಮ್ಮೆಲೇ ಹಿಂದಕ್ಕೆ ಬಂದು ಎನ್‌ಆರ್‌ವಿಗೆ (ನೀರು ವಾಪಸ್ ಹೋಗದ ಹಾಗೆ ತಡೆಯುವ ವಾಲ್ವ್‌ಗೆ) ಬಡಿಯುತ್ತದೆ. ಶೆಡ್ ಹತ್ತಿರ ನಿಂತರೆ ಆ 'ಧಡ್' ಶಬ್ದ ನಿಮಗೂ ಕೇಳಿರುತ್ತದೆ. ಆ ಕ್ಷಣದಲ್ಲಿ ಪ್ರೆಶರ್ ಮಾಮೂಲಿಗಿಂತ ಎಷ್ಟೋ ಮೇಲೆ ಹಾರುತ್ತದೆ. ಎರಡು ತಿಂಗಳು ಹೀಗೆ ಹೊಡೆತ ತಿಂದ ನಮ್ಮ ಸೆನ್ಸರ್ ಬಿಚ್ಚಿ ಕೈಯಲ್ಲಿ ಹಿಡಿದಾಗಲೂ 1.4 ಕೆಜಿ ತೋರಿಸುತ್ತಿತ್ತು. ಒಳಗಿನ ತೆಳು ತಗಡು ಬಗ್ಗಿದರೆ ಮತ್ತೆ ಸರಿಯಾಗುವುದಿಲ್ಲ. ನಿಮ್ಮ ಲೈನಿಗೆ 16 ಕೆಜಿಯದ್ದು ಬೇಕು. ಡೇಟಾಶೀಟಿನಲ್ಲಿ ರೇಂಜ್ ಬೇರೆ, ತಡೆಯುವ ಗರಿಷ್ಠ ಪ್ರೆಶರ್ ಬೇರೆ ಇರುತ್ತದೆ, ಎರಡನ್ನೂ ಓದಿ.

ಹೊಡೆತ ತಗ್ಗಿಸಲು ಸೆನ್ಸರ್ ಮುಂದೆ ಸ್ನಬ್ಬರ್ ಹಾಕುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಬಿಲ್ಲೆ ಇರುವ ಸ್ನಬ್ಬರ್ ನಮ್ಮ ಕಡೆ ಬೇಡ. ಮುರಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಆ ಕೆಂಪು ಲೋಳೆ ಒಂದು ಬೇಸಿಗೆಯಲ್ಲಿ ಅದನ್ನು ಮುಚ್ಚಿಬಿಡುತ್ತದೆ. ಆಮೇಲೆ ಸೆನ್ಸರ್ ನಿನ್ನೆಯ ಪ್ರೆಶರನ್ನೇ ಇವತ್ತೂ ತೋರಿಸುತ್ತಾ ಕೂರುತ್ತದೆ, ಪೈಪ್ ಒಡೆದರೂ ಗೊತ್ತಾಗುವುದಿಲ್ಲ. ಬಿಚ್ಚಿ ತೊಳೆಯಬಹುದಾದ ಪಿಸ್ಟನ್ ಥರದ್ದು ತನ್ನಿ. ಇಲ್ಲದಿದ್ದರೆ ಒಂದು ನೀಡಲ್ ವಾಲ್ವ್ ಹಾಕಿ ಸ್ವಲ್ಪವೇ ತೆರೆದಿಡಿ.

ಇನ್ನು ಜಾಗ. ಅಡ್ಡ ಪೈಪಿನ ಬದಿಯಲ್ಲಿ ತೂತು ಹಾಕಬೇಕು. ಮೇಲೆ ಹಾಕಿದರೆ ಗಾಳಿ ಸೇರುತ್ತದೆ, ಕೆಳಗೆ ಹಾಕಿದರೆ ಮರಳು, ಕೆಸರು ತುಂಬುತ್ತದೆ. ಪಂಪಿನ ಬಾಯಿ, ಬೆಂಡ್, ವಾಲ್ವ್‌ಗಳಿಂದ ಪೈಪಿನ ವ್ಯಾಸದ ಐದರಿಂದ ಹತ್ತು ಪಟ್ಟು ದೂರ ಇರಲಿ. 3 ಇಂಚಿನ ಪೈಪ್ ಆದರೆ ಕಡಿಮೆ ಅಂದ್ರೂ ಒಂದೂಕಾಲು ಅಡಿ. ಪಿವಿಸಿಗೆ ನೇರವಾಗಿ ಥ್ರೆಡ್ ಹಾಕಿ ಲೋಹದ ನಿಪ್ಪಲ್ ತಿರುಗಿಸಬೇಡಿ, ಬಿಸಿಲಿಗೆ ಸೀಳುತ್ತದೆ. ಅಲ್ಲಿ ಒಂದು ತುಂಡು ಜಿಐ ಪೈಪ್ ಸೇರಿಸಿ, ಇಲ್ಲವೇ ಸ್ಯಾಡಲ್ (ಪೈಪನ್ನು ಸುತ್ತ ಹಿಡಿಯುವ ಕ್ಲಾಂಪ್) ಹಾಕಿ. ತೂತು ಅರ್ಧ ಇಂಚಿನದ್ದಿರಲಿ. ಅದರ ಮೇಲೆ ಒಂದು ಬಾಲ್ ವಾಲ್ವ್, ಆಮೇಲೆ ಟೀ, ಟೀಯ ಒಂದು ಬಾಯಿಗೆ ನೀರು ಬಿಡುವ ಸಣ್ಣ ಕಾಕ್, ಇನ್ನೊಂದಕ್ಕೆ ಸೆನ್ಸರ್. ಈ ವಾಲ್ವ್ ಮತ್ತು ಕಾಕ್ ಬೇಡ, ಖರ್ಚು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಅವರಿಗೆ ಕೆಲಸ ಕೊಡಬೇಡಿ. ಅವು ಇದ್ದರೆ ಪಂಪ್ ಓಡುತ್ತಿರುವಾಗಲೇ ಸೆನ್ಸರ್ ಬಿಚ್ಚಬಹುದು, ಲೋಳೆ ಹೊರಗೆ ಬಿಡಬಹುದು, ಸೊನ್ನೆ ಸರಿ ಇದೆಯಾ ನೋಡಬಹುದು.

ಸೆನ್ಸರ್ ಬಿಗಿ ಮಾಡುವಾಗ ಷಡ್ಭುಜದ ಭಾಗಕ್ಕೆ ಸ್ಪ್ಯಾನರ್ ಹಾಕಿ, ಮೇಲಿನ ಡಬ್ಬಿ ಹಿಡಿದು ತಿರುಗಿಸಬಾರದು. ಪಂಪಿನ ಪಕ್ಕ ನಡುಕ ಜಾಸ್ತಿ. ಹಾಗಾಗಿ ಬ್ಯಾಟರಿ ಡಬ್ಬಿ ಬೇರೆಯಾಗಿದ್ದರೆ ಅದನ್ನು ಗೋಡೆಗೇ ಕ್ಲಾಂಪ್ ಮಾಡಿಸಿ.

ಎನ್‌ಆರ್‌ವಿ ದಾಟಿದ ಮೇಲೆ ಸೆನ್ಸರ್ ಇದ್ದರೆ ದೊಡ್ಡ ಅನುಕೂಲ ಇದೆ. ಮೋಟಾರ್ ಬಂದ್ ಆದಾಗಲೂ ಪೈಪಿನಲ್ಲಿ ನಿಂತ ನೀರಿನ 6 ಕೆಜಿ ಕಾಣಿಸುತ್ತಿರಬೇಕು. ರಾತ್ರಿ ಅದು ನಿಧಾನಕ್ಕೆ ಇಳಿದರೆ ಎನ್‌ಆರ್‌ವಿ ಸೋರುತ್ತಿದೆ, ಇಲ್ಲವೇ ಪೈಪಿನಲ್ಲಿ ಲೀಕ್ ಇದೆ. ಫಿಟ್ ಮಾಡಿದ ದಿನ ಬಾಲ್ ವಾಲ್ವ್ ಮುಚ್ಚಿ ಕಾಕ್ ತೆರೆಯಿರಿ, ಸೊನ್ನೆ ಬರಬೇಕು. ಕಾಕ್ ಮುಚ್ಚಿ ವಾಲ್ವ್ ತೆರೆಯಿರಿ, 6 ಬರಬೇಕು. ಎರಡೂ ಸರಿ ಬಂದ ಮೇಲೆಯೇ ಕೆಲಸದವರನ್ನು ಕಳುಹಿಸಿ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನ ಕ್ಯಾಲಿಬ್ರೇಶನ್ (ಅಳತೆ ತಾಳೆ ನೋಡಿದ) ಸರ್ಟಿಫಿಕೇಟ್ ಕೊಟ್ಟಿದ್ದರೆ ಅದರಲ್ಲಿರುವ ಸೀರಿಯಲ್ ನಂಬರ್ ನಿಮ್ಮ ಸೆನ್ಸರಿನದ್ದೇನಾ ನೋಡಿ.

ಸಿಗ್ನಲ್ ವಿಷಯ. ನಮ್ಮಲ್ಲಿ ಲೋರಾ (ಕಡಿಮೆ ಬ್ಯಾಟರಿಯಲ್ಲಿ ದೂರ ಮುಟ್ಟುವ ರೇಡಿಯೊ) ಥರದ ಸೆನ್ಸರ್‌ಗಳು ಲೈಸೆನ್ಸ್ ಬೇಡದ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಅಡಿಕೆ ತೋಟದೊಳಗೆ ವೈಫೈಗಿಂತ ಇದೇ ವಾಸಿ. ಒದ್ದೆ ಸೋಗೆ ವೈಫೈ ಸಿಗ್ನಲನ್ನು ನುಂಗಿಬಿಡುತ್ತದೆ. ಶೆಡ್ಡಿಗೆ ತಗಡಿನ ಮಾಡು ಇದ್ದರೆ ಆಂಟೆನಾ ಹೊರಗೆ ಬರಲೇಬೇಕು, ನೆಟ್ಟಗೆ ನಿಂತಿರಬೇಕು. ತೂತು ಹಾಕುವ ಮೊದಲೇ ಸೆನ್ಸರ್ ಆನ್ ಮಾಡಿ ಆ ಜಾಗದಲ್ಲಿ ಅರ್ಧ ಗಂಟೆ ಇಡಿ, ಮನೆಯಲ್ಲಿ ಒಬ್ಬರು ಬಂದ ಮೆಸೇಜ್ ಎಣಿಸಲಿ. ಸಿಗ್ನಲ್ ಬಲ ಮೈನಸ್ 100 ಡಿಬಿಎಂ ಆಸುಪಾಸು ಇದ್ದರೆ ನೆಮ್ಮದಿ. ಮೈನಸ್ 120ಕ್ಕೆ ಇಳಿದರೆ ಆಂಟೆನಾ ಎತ್ತರಿಸಿ. ಪ್ರೆಶರ್ ಬದಲಾದಾಗ ತಕ್ಷಣ, ಇಲ್ಲದಿದ್ದರೆ 15 ನಿಮಿಷಕ್ಕೊಮ್ಮೆ ಕಳುಹಿಸುವ ಹಾಗೆ ಸೆಟ್ ಮಾಡಿ. ಪ್ರತಿ ನಿಮಿಷ ಕಳುಹಿಸಿದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಆ 3.6 ವೋಲ್ಟ್ ಲಿಥಿಯಂ ಸೆಲ್ ನೋಡಲು ಪೆನ್ ಸೆಲ್ಲಿನ ಹಾಗೇ ಇರುತ್ತದೆ, ಬದಲಿಗೆ ಅಂಗಡಿಯ ಪೆನ್ ಸೆಲ್ ಹಾಕಬೇಡಿ.

ಸಿಡಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಏಪ್ರಿಲ್ ಮೇ ಮತ್ತು ಅಕ್ಟೋಬರಿನಲ್ಲಿ ನಾವೆಲ್ಲ ಅನುಭವಿಸಿದ್ದೇವೆ. ಬ್ಯಾಟರಿಯ ಸೆನ್ಸರಿಗಿಂತ ಕರೆಂಟಿಗೆ ಸಿಕ್ಕಿಸಿದ ಗೇಟ್‌ವೇಗೇ ಅಪಾಯ ಜಾಸ್ತಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆಯಿರಿ, ಆಂಟೆನಾ ಕೇಬಲಿಗೆ ಸರ್ಜ್ ಅರೆಸ್ಟರ್ ಹಾಕಿ ಒಳ್ಳೆಯ ಅರ್ತಿಂಗ್ ಕೊಡಿಸಿ. ಮಳೆಗಾಲ ಹಿಡಿದ ಮೇಲೆ ಹೇಗೂ ತೋಟಕ್ಕೆ ನೀರು ಬಿಡುವುದಿಲ್ಲ, ತೋಡು ಉಕ್ಕಿ ಶೆಡ್ಡಿಗೆ ನೀರು ಬರುವ ಮೊದಲು ಸೆನ್ಸರ್ ಬಿಚ್ಚಿ ಮನೆಯೊಳಗಿಡಿ. ವಾಲ್ವ್ ಮುಚ್ಚಿ ಪ್ಲಗ್ ಹಾಕಿದರಾಯಿತು. ಕೇಬಲ್ ಇದ್ದರೆ ಗ್ಲ್ಯಾಂಡ್ (ಕೇಬಲ್ ಒಳಹೋಗುವ ಬಾಯಿ) ಕೆಳಮುಖವಾಗಿರಲಿ, ಇರುವೆ ಗೂಡು ಕಟ್ಟಲು ಸಂದು ಬಿಡಬೇಡಿ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ನನ್ನ ಮಾತು ಕೇಳಿ. ಮೋಟಾರ್ ಬಂದ್ ಮಾಡುವ ಕೆಲಸವನ್ನು ಈ ವೈರ್‌ಲೆಸ್ ಸೆನ್ಸರಿಗೆ ವಹಿಸಬೇಡಿ. ಸಿಗ್ನಲ್ ತಪ್ಪಿದ ದಿನ ಮೋಟಾರ್ ಸುಡುತ್ತದೆ. ನೀರಿಲ್ಲದೆ ಓಡುವುದನ್ನು ತಡೆಯುವ ರಿಲೇ ಸ್ಟಾರ್ಟರ್ ಪ್ಯಾನೆಲಿನಲ್ಲೇ, ವೈರಿನಲ್ಲೇ ಇರಲಿ. ಸೆನ್ಸರ್ ನಿಮಗೆ ಸುದ್ದಿ ಮುಟ್ಟಿಸಲಿ.

ಡೆಲಿವರಿ ಪೈಪಿನ ಒಂದು ಫೋಟೊ ಹಾಕಿ, ಎನ್‌ಆರ್‌ವಿ ಕಾಣುವ ಹಾಗೆ. ಸೆನ್ಸರಿನ ನೇಮ್‌ಪ್ಲೇಟಿನದ್ದೂ ಬೇಕು. ಥ್ರೆಡ್ ಬಿಎಸ್‌ಪಿಯಾ (ಬ್ರಿಟಿಷ್ ಅಳತೆ) ಎನ್‌ಪಿಟಿಯಾ (ಅಮೆರಿಕನ್ ಅಳತೆ) ಅಂತ ಅದರಲ್ಲಿರುತ್ತದೆ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು, ಒಂದಕ್ಕೊಂದು ಹಿಡಿಯುತ್ತದೆ, ಆದರೆ ಸೋರುತ್ತದೆ. ಅದನ್ನು ನೋಡಿಯೇ ಯಾವ ಫಿಟ್ಟಿಂಗ್ ತರಬೇಕು ಅಂತ ಬರೆಯುತ್ತೇನೆ.