ಕ್ಯಾಮೆರಾ ಕೂರಿಸಿದ ಮೇಲೆ ರಾಕೆಟಿನ ಡ್ರೋಗ್ ಪ್ಯಾರಾಶೂಟ್ ಬೇಗ ಬಿಚ್ಚಿಕೊಂಡದ್ದೇಕೆ?

ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿದ್ದೇನೆ, ಹವ್ಯಾಸಿ ರಾಕೆಟ್‌ಗಾರರ ಟ್ರಿಪೊಲಿ ಸಂಘದ ಲೆವೆಲ್ 2 ಅರ್ಹತೆ ಮುಗಿಸಿದ್ದೇನೆ. ನನ್ನ 4 ಇಂಚು ವ್ಯಾಸದ ರಾಕೆಟ್ ಜೆ ದರ್ಜೆಯ ಮೋಟರಿನಲ್ಲಿ ಎರಡು ಸಲ ಚೆನ್ನಾಗಿ ಹಾರಿತ್ತು. ಎತ್ತರ ಅಳೆದು ಪ್ಯಾರಾಶೂಟ್ ಬಿಚ್ಚಿಸುವ ಆಲ್ಟಿಮೀಟರ್ ಇರುವ ಕೋಣೆಗೇ (ಬೇ) ತೂತು ಕೊರೆದು ಪುಟ್ಟ ಕ್ಯಾಮೆರಾ ಕೂರಿಸಿದೆ. ಈ ಸಲ ಮೋಟರ್ ಆರಿದ ಎರಡೇ ಸೆಕೆಂಡಿಗೆ ಡ್ರೋಗ್ (ತುದಿಯಲ್ಲಿ ಮೊದಲು ಬಿಚ್ಚಬೇಕಾದ ಪುಟ್ಟ ಪ್ಯಾರಾಶೂಟ್) ಹೊರಬಂದು ಟ್ಯೂಬ್ ಸೀಳಿತು. ವಿಡಿಯೊ ಫೈಲೂ ತೆರೆಯುತ್ತಿಲ್ಲ.

ಉತ್ತರ: ಅನುಮಾನ ಮೊದಲು ಹೋಗುವುದು ಆ ತೂತಿನ ಮೇಲೆಯೇ. ಆಲ್ಟಿಮೀಟರಿಗೆ ತಿಳಿಯುವುದು ಬೇಯೊಳಗಿನ ಗಾಳಿಯ ಒತ್ತಡ ಮಾತ್ರ. ಒತ್ತಡ ಇಳಿಯುತ್ತಿದ್ದರೆ ರಾಕೆಟ್ ಏರುತ್ತಿದೆ, ಹೆಚ್ಚತೊಡಗಿದರೆ ತುದಿ ಮುಟ್ಟಿ ಇಳಿಯುತ್ತಿದೆ ಎಂದು ಅದರ ಲೆಕ್ಕ. ಹೊರಚಾಚಿದ ಲೆನ್ಸಿನ ಸುತ್ತ ಗಾಳಿ ರಭಸದಿಂದ ಹರಿಯುವಾಗ ಅಲ್ಲಿ ಒತ್ತಡ ಕುಸಿದು, ಸಂದಿಯ ಮೂಲಕ ಬೇಯ ಗಾಳಿಯನ್ನು ಎಳೆಯುತ್ತದೆ. ಮೋಟರ್ ಆರಿದೊಡನೆ ವೇಗ ತಟಕ್ಕನೆ ತಗ್ಗುತ್ತದೆ, ಎಳೆತ ಸಡಿಲಾಗುತ್ತದೆ, ಬೇಯಲ್ಲಿ ಒತ್ತಡ ಏರುತ್ತದೆ. ಆಲ್ಟಿಮೀಟರ್ ಮೋಸಹೋಗಿ ಪ್ಯಾರಾಶೂಟನ್ನು ಹೊರತಳ್ಳುವ ಮದ್ದಿನ ಚಾರ್ಜ್ ಹೊತ್ತಿಸುತ್ತದೆ. ಆ ವೇಗದಲ್ಲಿ ಪ್ಯಾರಾಶೂಟ್ ಬಿಚ್ಚಿಕೊಂಡರೆ ಅದನ್ನು ರಾಕೆಟಿಗೆ ಕಟ್ಟಿದ ಹಗ್ಗ (ಶಾಕ್ ಕಾರ್ಡ್) ಟ್ಯೂಬಿನ ಬಾಯಿಯನ್ನು ಚಾಕುವಿನಂತೆ ಸೀಳಿಬಿಡಬಹುದು. ಹವ್ಯಾಸಿಗಳ ಬಾಯಲ್ಲಿ ಇದಕ್ಕೆ 'ಜಿಪ್ಪರ್' ಎಂದೇ ಹೆಸರು.

ತೂತನ್ನು ಎಪಾಕ್ಸಿಯಿಂದ ಮುಚ್ಚಿ, ಕ್ಯಾಮೆರಾವನ್ನು ಬ್ಯಾಟರಿ ಸಮೇತ ಟ್ಯೂಬಿನ ಹೊರಮೈಗೆ ಅಂಟಿಸುವ ಕವಚಕ್ಕೆ (ಶ್ರೌಡ್) ಸಾಗಿಸಿ. ಶ್ರೌಡ್ ಬೇಗಿಂತ ಕೆಳಗಿರಲಿ, ಅದು ಕದಡಿದ ಗಾಳಿ ಹಿಂದಕ್ಕೆ ಹೋಗಲಿ. ಬೇ ಕೋಣೆಗೆ ಬೇಕಾದದ್ದು ಹೊರಗಿನ ಒತ್ತಡವನ್ನು ಒಳಗೆ ಮುಟ್ಟಿಸುವ, ಸಮಾನ ಅಂತರದ ಸ್ಟ್ಯಾಟಿಕ್ ರಂಧ್ರಗಳು ಮಾತ್ರ: 4 ಇಂಚು ವ್ಯಾಸ, 8 ಇಂಚು ಉದ್ದದ ಕೋಣೆಗೆ ಕಾಲಿಂಚಿನ ಒಂದು ರಂಧ್ರದಷ್ಟು ಜಾಗ ಸಾಕು, ಅಂದರೆ ಅರೆಪಾವಿಂಚಿನ (3.2 ಮಿ.ಮೀ.) ನಾಲ್ಕು. ಅಂಚಿನ ಸಿಬಿರನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಿರಿ.

ಶ್ರೌಡ್ ಒಂದೆರಡು ಡಿಗ್ರಿ ವಾಲಿದರೂ ಫಿನ್ನಿನಂತೆ ಕೆಲಸ ಮಾಡಿ ರಾಕೆಟನ್ನು ಬುಗುರಿಯಾಗಿಸುತ್ತದೆ, ವಿಡಿಯೊ ನೋಡಿದವರಿಗೆ ತಲೆ ಸುತ್ತುತ್ತದೆ. ಟ್ಯೂಬಿನ ಮೇಲೆ ಎಲ್ ಆಕಾರದ ಆಂಗಲ್ ಇಟ್ಟರೆ ಅದು ತಾನಾಗಿ ಉದ್ದಕ್ಕೆ ನೇರ ಕೂರುತ್ತದೆ. ಅದರಂಚಿಗೆ ಪೆನ್ಸಿಲ್ ಗೆರೆ ಎಳೆದು ಅದರ ಮೇಲೇ ಅಂಟಿಸಿ. ಎದುರು ಬದಿಗೆ ಅಷ್ಟೇ ಗಾತ್ರದ ಖಾಲಿ ಶ್ರೌಡ್ ಹಾಕಿದರೆ ಎರಡೂ ಬದಿಗೆ ಗಾಳಿಯ ತಡೆ ಸರಿಸಮ. ಎರಡೂ ಲಾಂಚ್ ರೈಲಿಗೆ (ರಾಕೆಟ್ ಏರುವಾಗ ನೇರ ಹಿಡಿದಿಡುವ ಕಂಬಿ) ತಾಗಬಾರದು. ಶ್ರೌಡನ್ನು 3ಡಿ ಮುದ್ರಿಸಲು ಪಿಎಲ್‌ಎ ಪ್ಲಾಸ್ಟಿಕ್ ಬೇಡ, 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೇ ಸೊಟ್ಟಗಾದೀತು. ಪಿಇಟಿಜಿ ಒಳ್ಳೆಯದು. ಹೊಸ ಭಾರವನ್ನು ತೂಗಿ ಹಾರಾಟ ಲೆಕ್ಕಹಾಕುವ ತಂತ್ರಾಂಶವಾದ ಓಪನ್‌ರಾಕೆಟ್‌ನಲ್ಲಿ ಸೇರಿಸಿ: ಗುರುತ್ವಕೇಂದ್ರ ಒತ್ತಡಕೇಂದ್ರಕ್ಕಿಂತ (ಗಾಳಿಯ ಬಲವೆಲ್ಲ ಒಟ್ಟಾಗಿ ಬೀಳುವ ಬಿಂದು) ಕನಿಷ್ಠ ಒಂದು ವ್ಯಾಸ, ನಿಮ್ಮಲ್ಲಿ 4 ಇಂಚು, ಮುಂದಿರಬೇಕು.

ಇನ್ನು ಫೈಲ್. ಎಂಪಿ4 ವಿಡಿಯೊ ಫೈಲಿನ ಸೂಚಿಯನ್ನು (ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ) ಹೆಚ್ಚಿನ ಕ್ಯಾಮೆರಾಗಳು ರೆಕಾರ್ಡಿಂಗ್ ನಿಲ್ಲಿಸುವಾಗಲೇ ಬರೆಯುವುದು. ಚಾರ್ಜಿನ ಏಟಿಗೆ ಬ್ಯಾಟರಿ ಕನೆಕ್ಟರ್ ಕಳಚಿದರೆ ಚಿತ್ರ ಕಾರ್ಡಿನಲ್ಲಿದ್ದರೂ ಪ್ಲೇಯರಿಗೆ ಓದಲಾಗದು. ಕನೆಕ್ಟರಿಗೂ ಕಾರ್ಡ್ ಬಾಯಿಗೂ ಟೇಪ್ ಹಾಕಿ. ಬ್ಯಾಟರಿ ಎರಡೂ ದಿಕ್ಕಿಗೆ ಜಾರದಂತೆ ಕಟ್ಟಿ, ಏಕೆಂದರೆ ಮೋಟರ್ ಆರಿದಾಗ ಅದು ಮುಂದಕ್ಕೂ ನುಗ್ಗುತ್ತದೆ. 3 ನಿಮಿಷಕ್ಕೊಂದು ಫೈಲ್ ಆಗುವಂತೆ ಹೊಂದಿಸಿದರೆ ಕಳೆದರೂ ಒಂದು ತುಂಡು ಮಾತ್ರ. ನೆಲದ ಮೇಲೆ ಚಾರ್ಜ್ ಹೊತ್ತಿಸಿ ನೋಡುವ ಎಜೆಕ್ಷನ್ ಪರೀಕ್ಷೆ ಮಾಡುವಾಗಲೇ ಕ್ಯಾಮೆರಾ ಓಡಿಸಿ. ಆ ಫೈಲ್ ತೆರೆಯದಿದ್ದರೆ ಹಾರಾಟಕ್ಕೆ ಹೋಗಬೇಡಿ.

ಉಡಾವಣೆಯ ದಿನ ರಾಕೆಟನ್ನು ರೈಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಕ್ಯಾಮೆರಾ ಆನ್ ಮಾಡಿ ಕೆಂಪು ದೀಪ ಮಿನುಗುವುದನ್ನು ನೋಡಿ, ಆಮೇಲೆ ಆಲ್ಟಿಮೀಟರ್ ಸ್ವಿಚ್ ಹಾಕಿ, ಚಾರ್ಜಿನ ಜೋಡಣೆ ಸರಿಯಿದೆಯೆಂದು ತಿಳಿಸುವ ಬೀಪ್ ಎಣಿಸಿ. ಮೋಟರ್ ಹೊತ್ತಿಸುವ ಇಗ್ನೈಟರ್ ಎಲ್ಲಕ್ಕಿಂತ ಕೊನೆಗೆ.