‘ಟೀಚರ್, ಫೈಲ್ ಖಾಲಿ ಇದೆ’

ಪ್ರಶ್ನೆ: ಮೇಡಂ, ನಾನು ಆನ್‌ಲೈನಲ್ಲಿ ಅಕೌಂಟೆನ್ಸಿ ಪಾಠ ಮಾಡ್ತೀನಿ. ಈ ಸಲ ಕಣ್ಣು ಕಾಣದ ಒಬ್ಬ ಹುಡುಗ ಸೇರ್ಕೊಂಡಿದಾನೆ. ನೋಟ್ಸಿನ ಪಿಡಿಎಫ್ ಕಳಿಸಿದ್ರೆ ‘ಟೀಚರ್, ಫೈಲ್ ಖಾಲಿ ಇದೆ’ ಅಂತಾನೆ, ನಾನು ತೆಗೆದು ನೋಡಿದ್ರೆ ಎಲ್ಲಾ ಸರಿಯಾಗೇ ಇದೆ. ಅವನಿಗೋಸ್ಕರ ದುಬಾರಿ ಸಾಫ್ಟ್‌ವೇರ್ ಏನಾದ್ರೂ ತಗೋಬೇಕಾ?

ಉತ್ತರ: ಅವನು ಹೇಳಿದ್ದು ನಿಜಾನೇ, ಅವನ ಪಾಲಿಗೆ ಆ ಫೈಲ್ ಖಾಲಿ. ನೋಟ್ಸ್ ಹಾಳೆಗಳನ್ನ ಮೊಬೈಲಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿರ್ತೀರಿ ಅನ್ಸುತ್ತೆ, ಅದು ನಿಮ್ಮ ಕಣ್ಣಿಗೆ ಅಕ್ಷರ, ಕಂಪ್ಯೂಟರಿಗೆ ಬರೀ ಚಿತ್ರ, ಅವನು ಬಳಸೋ ಸ್ಕ್ರೀನ್ ರೀಡರ್‌ಗೆ (ಪರದೆ ಮೇಲಿರೋದನ್ನ ದನಿಯಲ್ಲಿ ಓದೋ ಸಾಫ್ಟ್‌ವೇರ್) ಅಕ್ಷರ ಸಿಕ್ರೆ ತಾನೇ ಓದಿ ಹೇಳೋದು. ಒಂದು ಸಾಲನ್ನ ಸೆಲೆಕ್ಟ್ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ. ಸೆಲೆಕ್ಟೇ ಆಗ್ಲಿಲ್ಲ ಅಂದ್ರೆ ಅದು ಚಿತ್ರ. ಪೇಸ್ಟ್ ಮಾಡಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದ್ರೆ ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಅರ್ಥವಾಗೋ ಅಕ್ಷರ ಪದ್ಧತಿ) ಅಲ್ಲದ ಹಳೇ ಫಾಂಟಲ್ಲಿ ಟೈಪ್ ಆಗಿದೆ, ಸ್ಕ್ರೀನ್ ರೀಡರ್ ಆ ಗೋಜಲನ್ನೇ ಓದುತ್ತೆ ಪಾಪ. ಪ್ರಿಂಟಾದ ಹಾಳೆ ಆದ್ರೆ ಓಸಿಆರ್ (ಚಿತ್ರದಲ್ಲಿರೋ ಅಕ್ಷರ ಗುರುತಿಸೋ ಸಾಫ್ಟ್‌ವೇರ್) ಹಾಕಿ ಅಕ್ಷರ ಮಾಡ್ಕೋಬಹುದು, ಆದ್ರೆ ಅಂಕಿಗಳನ್ನ ಒಂದೊಂದಾಗಿ ನೋಡಿ ತಿದ್ದಿ, ಅಕೌಂಟೆನ್ಸಿಲಿ ಒಂದು ಸೊನ್ನೆ ತಪ್ಪಿದ್ರೂ ಹುಡುಗ ಇಡೀ ಲೆಕ್ಕ ಹುಡುಕ್ತಾ ಕೂರ್ತಾನೆ. ಕೈಬರಹ ಆದ್ರೆ ಟೈಪ್ ಮಾಡೋದೇ ವಾಸಿ.

ಲೆಡ್ಜರನ್ನ ಸ್ಕ್ರೀನ್‌ಶಾಟ್ ಹಾಕ್ಬೇಡಿ, ನಿಜವಾದ ಟೇಬಲ್ ಮಾಡಿ, ಮೊದಲ ಸಾಲನ್ನ ಹೆಡರ್ ಅಂತ ಗುರುತಿಸಿ, ಆಗ ಯಾವ ಅಂಕಿ ಯಾವ ಕಾಲಮ್‌ದು ಅಂತ ಅವನಿಗೆ ಕೇಳ್ಸುತ್ತೆ. ಅಧ್ಯಾಯದ ಹೆಸರನ್ನ ಬರೀ ಬೋಲ್ಡ್ ಮಾಡಿದ್ರೆ ಸಾಲದು, ಹೆಡಿಂಗ್ ಸ್ಟೈಲ್ ಕೊಡಿ, ಅವನು ಒಂದು ಕೀ ಒತ್ತಿ ಹೆಡಿಂಗಿಂದ ಹೆಡಿಂಗಿಗೆ ಹೋಗ್ತಾನೆ, ಇಲ್ದಿದ್ರೆ ನಲವತ್ತು ಪುಟಾನೂ ಮೊದಲಿಂದ ಕೇಳ್ಬೇಕು. ಇನ್ನು ಪಾಠ ಮಾಡುವಾಗ ‘ಇದನ್ನ ಇಲ್ಲಿಂದ ತೆಗೆದು ಇಲ್ಲಿ ಹಾಕಿ’ ಅಂತೀವಲ್ಲ, ಅದು ಅವನಿಗೆ ಏನೂ ಹೇಳಲ್ಲ. ‘ಬಾಡಿಗೆ ಖಾತೆನ ಡೆಬಿಟ್ ಕಡೆ ಬರೀತಿದೀನಿ’ ಅನ್ನಿ, ಬೇರೆ ಮಕ್ಕಳಿಗೂ ಚೆನ್ನಾಗಿ ಅರ್ಥ ಆಗುತ್ತೆ.

ದುಡ್ಡು ಖರ್ಚು ಮಾಡೋದು ಬೇಡ. ಆಂಡ್ರಾಯ್ಡಲ್ಲಿ ಟಾಕ್‌ಬ್ಯಾಕ್, ಐಫೋನಲ್ಲಿ ವಾಯ್ಸ್‌ಓವರ್ ಅಂತ ಸ್ಕ್ರೀನ್ ರೀಡರ್ ಬಂದೇ ಇರುತ್ತೆ. ವಿಂಡೋಸಿಗೆ ಎನ್‌ವಿಡಿಎ ಉಚಿತ, ಅದನ್ನ 2006ರಲ್ಲಿ ಶುರು ಮಾಡಿದ್ದು ಆಸ್ಟ್ರೇಲಿಯಾದ ಮೈಕಲ್ ಕರನ್, ಆಮೇಲೆ ಜೇಮ್ಸ್ ಟೆಹ್ ಅವರ ಜೊತೆ ಸೇರ್ಕೊಂಡ್ರು, ಇಬ್ಬರಿಗೂ ಕಣ್ಣು ಕಾಣಲ್ಲ. ಅದನ್ನ ಹಾಕ್ಕೊಂಡು, ಮಾನಿಟರ್ ಆಫ್ ಮಾಡಿ, ನಿಮ್ಮದೇ ನೋಟ್ಸ್ ಹತ್ತು ನಿಮಿಷ ಕೇಳಿ. ಆಮೇಲೆ ಆ ಹುಡುಗನ್ನೇ ಕೇಳಿ, ಎಲ್ಲಿ ಸಿಕ್ಕಾಕ್ಕೋತೀಯಪ್ಪಾ ಅಂತ, ಅವನಷ್ಟು ಚೆನ್ನಾಗಿ ಯಾರೂ ಹೇಳಲ್ಲ.

ಪ್ರಶ್ನೆ: ನನ್ನ ಮಗಳಿಗೆ ಕಿವಿ ಕೇಳಲ್ಲ. ಪಾಠದ ವಿಡಿಯೋಗಳಿಗೆ ಕಂಪ್ಯೂಟರೇ ಮಾತು ಕೇಳಿ ಅಕ್ಷರದಲ್ಲಿ ತೋರಿಸೋ ಆಟೋ ಕ್ಯಾಪ್ಷನ್ ಇದೆಯಲ್ಲ, ಸಾಕು ಅಂತಾರೆ ಕೋರ್ಸಿನವರು. ಅವಳಿಗೆ ಅರ್ಧ ಪಾಠ ತಿಳೀತಿಲ್ಲ.

ಉತ್ತರ: ಸಾಕಾಗಲ್ಲಮ್ಮ. ಆಟೋ ಕ್ಯಾಪ್ಷನ್ ಎಡವೋದೇ ಹೆಸರು, ಅಂಕಿ, ಪಾಠದ ವಿಶೇಷ ಪದಗಳಲ್ಲಿ, ಅಂದ್ರೆ ಕಲಿಯೋಕೆ ಬೇಕಾದ ಜಾಗದಲ್ಲೇ. ‘ಆಗುತ್ತೆ’ ‘ಆಗಲ್ಲ’ ಅದಲು ಬದಲಾದ್ರೆ ಮಗು ತಪ್ಪನ್ನೇ ಕಲಿಯುತ್ತೆ. ಅದನ್ನ ಕರಡು ಅಂತ ಇಟ್ಕೊಂಡು ಯಾರಾದ್ರೂ ಕೂತು ತಿದ್ದಲೇಬೇಕು, ಅದು ಕೋರ್ಸಿನವರ ಕೆಲಸ, ನಿಮ್ಮದಲ್ಲ. ತಪ್ಪಾಗಿರೋ ನಾಲ್ಕೈದು ಕಡೆ ಯಾವ ನಿಮಿಷ ಅಂತ ಬರೆದು ಕಳಿಸಿ, ಎದುರಿಗಿಟ್ರೆ ಇಲ್ಲ ಅನ್ನೋಕೆ ಕಷ್ಟ. ಲೈವ್ ಕ್ಲಾಸಲ್ಲಿ ಮೇಷ್ಟ್ರ ಮುಖದ ಮೇಲೆ ಬೆಳಕು ಬೀಳಲಿ, ಕಿಟಕಿಗೆ ಬೆನ್ನು ಹಾಕಿ ಕೂತ್ರೆ ತುಟಿ ಕಾಣಲ್ಲ. ಮಗಳು ಸಂಜ್ಞಾ ಭಾಷೇಲೇ ಬೆಳೆದವಳಾದ್ರೆ ಕ್ಯಾಪ್ಷನ್ ಅವಳಿಗೆ ಎರಡನೇ ಭಾಷೆ ಓದಿದ ಹಾಗೆ, ಇಂಟರ್ಪ್ರಿಟರ್ ಬೇಕು ಅಂತ ಸಂಕೋಚ ಇಲ್ದೆ ಕೇಳಿ.

ಪ್ರಶ್ನೆ: ಕೈ ನಡುಗೋದ್ರಿಂದ ಮೌಸ್ ಹಿಡಿಯೋಕಾಗಲ್ಲ. ಆನ್‌ಲೈನ್ ಟೆಸ್ಟಲ್ಲಿ ಎಳೆದು ಜೋಡಿಸೋ ಪ್ರಶ್ನೆಗಳು, ಟೈಮ್ ಮುಗಿದೇ ಹೋಗುತ್ತೆ.

ಉತ್ತರ: ಉತ್ತರ ಗೊತ್ತಿದ್ದೂ ಅಂಕ ಹೋಗೋದು ಅನ್ಯಾಯ. ವೆಬ್ ಪುಟಗಳಿಗಿರೋ ಅಂತಾರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.2, 2023ರಲ್ಲಿ ಬಂದಿದ್ದು, ಅದರಲ್ಲಿ ಎಳೆಯೋ ಕೆಲಸಕ್ಕೆ ಎಳೆಯದೇ ಮಾಡೋ ದಾರಿನೂ ಇರ್ಬೇಕು ಅಂತಿದೆ, ಕೀಬೋರ್ಡಿಂದಲೇ ಎಲ್ಲಾ ಆಗ್ಬೇಕು ಅಂತ ಮೊದಲಿಂದ ಇದೆ. ಅದೇ ಹೆಸರು ಹೇಳಿ ಟೆಸ್ಟ್ ನಡೆಸೋರಿಗೆ ಮೇಲ್ ಹಾಕಿ. ಹೆಚ್ಚು ಸಮಯಾನೂ ಅದರಲ್ಲೇ ಕೇಳಿ, ಮೂಡಲ್ ಥರದ, ಆನ್‌ಲೈನ್ ಕೋರ್ಸ್ ನಡೆಸೋ ವ್ಯವಸ್ಥೇಲಿ ಒಬ್ಬರಿಗೆ ಮಾತ್ರ ಟೈಮ್ ಜಾಸ್ತಿ ಕೊಡೋ ಸೆಟ್ಟಿಂಗ್ ಇದೆ. ಟೆಸ್ಟಿಗೆ ಮುಂಚೆ ಒಂದು ಪ್ರಾಕ್ಟೀಸ್ ಟೆಸ್ಟ್ ಕೊಡಿಸಿ ಅನ್ನಿ, ಅದೇ ಸೆಟ್ಟಿಂಗಲ್ಲಿ, ಟ್ಯಾಬ್ ಕೀ ಒತ್ಕೊಂಡು ಕೊನೇ ಸಬ್ಮಿಟ್ ಬಟನ್‌ವರೆಗೂ ಹೋಗೋಕಾಗುತ್ತಾ ಅಂತ ನೋಡ್ಕೊಳ್ಳಿ.